ನಿಧಾನ ಇರೋರು ಮುಂದೆ ಹೋಗಲಿ

ಇವತ್ತಿನ ಕಥೆಯಲ್ಲಿ ಇಬ್ಬರ ಮರ್ಯಾದೆ ಹೋಗುತ್ತೆ ಅಂತ ಮೊದಲೇ ಹೇಳಿಬಿಡ್ತೀನಿ. ಒಂದು ನಂದು. ಇನ್ನೊಂದು, ಅಲ್ಲಿ ಮೂರನೇ ಸಾಲಿನಲ್ಲಿ ಕೂತು ತಲೆ ಬಗ್ಗಿಸಿಕೊಂಡಿರೋ ನನ್ನ ಗಂಡಂದು. ಅವನನ್ನ ಕೇಳಿಯೇ ಬಂದಿದ್ದೀನಿ. "ಹೇಳು ಮಾರಾಯ್ತಿ, ಆದ್ರೆ ನೀನು ನಕ್ಕದ್ದನ್ನೂ ಹೇಳ್ಬೇಕು" ಅಂತ ಒಂದೇ ಷರತ್ತು ಹಾಕಿದ. ಹೇಳ್ತೀನಿ.

ನಾನು ವಿಜಯಪುರ ಜಿಲ್ಲೆಯವಳು. ನಮ್ಮ ಕಡೆ ಸೈಕಲ್ ಅಂದ್ರೆ ಶಾಲೆಗೆ ಹೋಗೋ ಗಾಡಿ ಅಷ್ಟೇ ಅಲ್ಲ. ವಿಜಯಪುರ, ಬಾಗಲಕೋಟೆಯ ಹಳ್ಳಿಗಳಿಂದ ರಾಷ್ಟ್ರಮಟ್ಟದ ಸೈಕ್ಲಿಸ್ಟುಗಳು ಬಂದಿದ್ದಾರೆ. ಹೊಲದ ದಾರಿ, ಎದುರುಗಾಳಿ, ಬಿಸಿಲು, ಇಷ್ಟೇ ಅವರ ಕೋಚಿಂಗ್. ಕರ್ನಾಟಕದಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರಕಾರ ಸೈಕಲ್ ಕೊಡೋ ಯೋಜನೆ 2006-07ರಲ್ಲಿ ಶುರುವಾಯ್ತು. ಶುರುವಿನ ವರ್ಷಗಳಲ್ಲೇ ನನಗೂ ಒಂದು ಬಂತು. ಅದನ್ನ ಹತ್ತಿದ ಮೇಲೆ ನಾನು ಯಾರ ಹಿಂದೂ ಕೂತಿಲ್ಲ. ಇಂಜಿನಿಯರಿಂಗ್ ಆಯ್ತು, ಬೆಂಗಳೂರಾಯ್ತು, ಆಮೇಲೆ ಕೆಲಸ ಕೊಚ್ಚಿಗೆ ಕರ್ಕೊಂಡು ಬಂತು. ಕಾಕ್ಕನಾಡಿನ ಇನ್ಫೋಪಾರ್ಕ್. ಭಾಷೆ ಬರಲ್ಲ, ಊಟ ಹೊಂದಲ್ಲ, ಜೂನ್ ಬಂದ್ರೆ ಬಟ್ಟೆ ಒಣಗಲ್ಲ. ಆದ್ರೆ ಭಾನುವಾರ ಬೆಳಿಗ್ಗೆ ಐದಕ್ಕೆ ವಿಲ್ಲಿಂಗ್ಡನ್ ಐಲೆಂಡ್ ಕಡೆ ಸೈಕಲ್ ತಿರುಗಿಸಿದ್ರೆ ಆ ಊರು ನಂದೇ ಅನ್ನಿಸೋದು. ಹೊಸ ಊರಿಗೆ ಹೋದ ನಿಮಗೆಲ್ಲ ಗೊತ್ತಿರುತ್ತೆ, ಹಾಗನ್ನಿಸೋ ಒಂದು ಗಂಟೆಗೋಸ್ಕರ ನಾವು ವಾರವಿಡೀ ಕಾಯ್ತೀವಿ.

ಇವನು ಸಿಕ್ಕಿದ್ದು ಒಂದು ನವೆಂಬರ್ ಒಂದನೇ ತಾರೀಕು. ಅವತ್ತು ನಮಗೆ ರಾಜ್ಯೋತ್ಸವ, ಕೇರಳದವರಿಗೆ ಕೇರಳ ಪಿರವಿ. ಎರಡೂ 1956ರ ಅದೇ ದಿನದ್ದು. ಇವನು ಕಾಸರಗೋಡಿನ ಬದಿಯಡ್ಕ ಕಡೆಯ ಕನ್ನಡದವನು. ಅವರಿಗೆ ಆ ದಿನ ಹಬ್ಬವೂ ಹೌದು, ಬೇಜಾರೂ ಹೌದು. ಗೆಳತಿಯೊಬ್ಬಳ ಮನೆಯಲ್ಲಿ ಹೋಳಿಗೆ ಊಟ. ನನ್ನ "ಹೌದ್ರೀ"ಗೆ ಅವನು ನಕ್ಕ, ಅವನ "ಎಂತ ಮಾಡುದು"ಗೆ ನಾನು ನಕ್ಕೆ. ಅವನ ಕೆಲಸ ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ. ನಡುವೆ ಇನ್ನೂರು ಕಿಲೋಮೀಟರು. ವಾರ ಬಿಟ್ಟು ವಾರ ಒಬ್ಬರು ರೈಲು ಹತ್ತೋದು.

ಆರು ತಿಂಗಳು ನಾನು ಸೈಕ್ಲಿಂಗಿಗೆ ಕರೆದೆ. ಆರು ತಿಂಗಳು ಅವನಿಗೆ ಮಂಡಿ ನೋವು, ಆನ್‌ಕಾಲ್, ಮಳೆ, ಅಜ್ಜಿಗೆ ಹುಷಾರಿಲ್ಲ. ನನಗೆ ಅನುಮಾನ. ಈ ಮನುಷ್ಯನಿಗೆ ನನ್ನ ಮೇಲೆ ಮನಸ್ಸಿಲ್ಲವಾ, ಸೈಕಲ್ ಮೇಲೆ ಮನಸ್ಸಿಲ್ಲವಾ? ಒಂದು ಶನಿವಾರ ಫೋರ್ಟ್ ಕೊಚ್ಚಿಯಲ್ಲಿ, ಪ್ರವಾಸಿಗರಿಗೆ ಬಾಡಿಗೆ ಸೈಕಲ್ ಕೊಡೋ ಅಂಗಡಿಯ ಮುಂದೆ ಅವನನ್ನ ನಿಲ್ಲಿಸಿ, ಕೇಳದೇನೇ ಎರಡು ಸೈಕಲ್ ತಗೊಂಡೆ. ಅವನು ಹ್ಯಾಂಡಲ್ ಹಿಡ್ಕೊಂಡು ನಿಂತೇ ಇದ್ದ.

"ನಂಗೆ ಸೈಕಲ್ ಬಿಡ್ಲಿಕ್ಕೆ ಬರುದಿಲ್ಲ."

"ಏನಂತಿ? ನಿನಗ ಸೈಕಲ್ ಬರಂಗಿಲ್ಲ?"

ಮೂವತ್ತೊಂದು ವರ್ಷದ ಗಂಡಸು. ನಾನು ನಕ್ಕುಬಿಟ್ಟೆ. ಸಣ್ಣ ನಗೆಯಲ್ಲ. ನಮ್ಮೂರ ಹೊಲದ ಈ ಬದುವಿನಿಂದ ಆ ಬದುವಿಗೆ ಕೇಳೋ ಅಂಥ ನಗೆ. ಅಂಗಡಿಯ ಚೇಟ್ಟನೂ ನಕ್ಕ. ಇವನು ಸೈಕಲ್ಲನ್ನ ಮೆತ್ತಗೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ನಡ್ಕೊಂಡು ಹೊರಟೇಬಿಟ್ಟ.

ಒಂಬತ್ತು ದಿನ ಫೋನಿಲ್ಲ.

ಆಮೇಲೆ ಯೋಚನೆ ಮಾಡಿದೆ. ಅವರ ಮನೆ ಗುಡ್ಡದ ಇಳಿಜಾರಿನಲ್ಲಿದೆ. ಕೆಳಗೆ ಅಡಿಕೆ ತೋಟ, ಮೇಲೆ ರಸ್ತೆ, ನಡುವೆ ಕಲ್ಲಿನ ಮೆಟ್ಟಿಲು. ಅಲ್ಲಿ ಮಗು ಸೈಕಲ್ ಕಲಿಯೋದೆಲ್ಲಿ? ನನಗೆ ಬಯಲುಸೀಮೆ ಕಲಿಸಿತು, ಅದನ್ನ ನಾನು ನನ್ನ ಜಾಣತನ ಅಂದ್ಕೊಂಡಿದ್ದೆ. ಹತ್ತನೇ ದಿನ ಬೆಳಿಗ್ಗೆ ವಂಚಿನಾಡ್ ಎಕ್ಸ್‌ಪ್ರೆಸ್ ಹತ್ತಿ ತಿರುವನಂತಪುರಕ್ಕೆ ಹೋದೆ. "ತಪ್ಪಾಯ್ತು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಕಲಿಸ್ತೀಯಾ?" ಅಂದ.

ಕಲಿಸೋದರಲ್ಲೂ ನಾನು ಫೇಲ್. ನಮ್ಮೂರಲ್ಲಿ ಅಪ್ಪಂದಿರು ಮಾಡೋ ಹಾಗೆ ಸೀಟ್ ಹಿಡ್ಕೊಂಡು ಹಿಂದೆ ಓಡಿದೆ. "ಮುಂದ ನೋಡು, ತುಳಿ, ತುಳಿ!" ಅಂತ ಕೂಗಿದೆ. ಎಪ್ಪತ್ತೆರಡು ಕೆಜಿ ಮನುಷ್ಯ. ಮೊಣಕೈ ಕೆತ್ತಿಹೋಯ್ತು. ಅವನೇ ಮನೆಗೆ ಹೋಗಿ ಓದಿಕೊಂಡು ಬಂದ, ಸಾಫ್ಟ್‌ವೇರ್‌ನವನಲ್ವಾ. "ನೀನು ಹಿಡಿದರೆ ನಾನು ಕಲಿಯುದಿಲ್ಲ" ಅಂದ.

ಅದು ಸರಿಯಾದ ಮಾತು. ನಿಮ್ಮಲ್ಲಿ ಯಾರಿಗಾದ್ರೂ ದೊಡ್ಡವರಿಗೆ ಸೈಕಲ್ ಕಲಿಸೋದಿದ್ರೆ ಕೇಳಿಸ್ಕೊಳ್ಳಿ. ಸೈಕಲ್ ನಿಲ್ಲೋದು ನಾವು ನೆಟ್ಟಗೆ ಕೂತಿರೋದರಿಂದ ಅಲ್ಲ. ಅದು ಯಾವ ಕಡೆ ವಾಲುತ್ತೋ ಆ ಕಡೆಗೇ ಹ್ಯಾಂಡಲ್ ಚೂರು ತಿರುಗಿಸಿ, ಚಕ್ರವನ್ನ ನಮ್ಮ ಭಾರದ ಕೆಳಗೆ ತರೋದರಿಂದ. ಇದನ್ನ ಮೈ ತಾನೇ ಕಲೀಬೇಕು. ಹಿಂದಿನಿಂದ ಹಿಡಿದವರು ಆ ವಾಲೋದನ್ನೇ ತಪ್ಪಿಸಿಬಿಡ್ತಾರೆ. ಹಾಗಾಗಿ ಕಲಿಯೋದೇ ಇಲ್ಲ, ಬಿಟ್ಟ ತಕ್ಷಣ ಬೀಳ್ತಾರೆ. ಏನು ಮಾಡಬೇಕು ಅಂದ್ರೆ, ಎರಡೂ ಪೆಡಲ್ ಬಿಚ್ಚಬೇಕು. ಸಾಮಾನ್ಯವಾಗಿ ಹದಿನೈದರ ಸ್ಪ್ಯಾನರ್ ಸಾಕು. ನೆನಪಿಡಿ, ಎಡಗಡೆ ಪೆಡಲಿನ ಮರೆ ಉಲ್ಟಾ ಇರುತ್ತೆ. ಮಾಮೂಲಿ ದಿಕ್ಕಿಗೆ ತಿರುಗಿಸಿದ್ರೆ ಇನ್ನೂ ಬಿಗಿಯಾಗುತ್ತೆ. ಸೀಟನ್ನ ಎರಡೂ ಪಾದ ಪೂರ್ತಿ ನೆಲಕ್ಕೆ ಊರೋ ಅಷ್ಟು ಇಳಿಸಿ. ಸ್ವಲ್ಪವೇ ಇಳಿಜಾರಿರೋ ಖಾಲಿ ರಸ್ತೆ ಹುಡುಕಿ. ಕಾಲಲ್ಲಿ ನೆಲ ತಳ್ಕೊಂಡು ಹೋಗೋದು, ಕಾಲೆತ್ತೋದು, ಜಾರೋದು. ಎರಡು ಸೆಕೆಂಡು, ಐದು ಸೆಕೆಂಡು, ಹತ್ತು ಸೆಕೆಂಡು. ಹತ್ತು ಸೆಕೆಂಡು ಜಾರಿದವರಿಗೆ ಬ್ಯಾಲೆನ್ಸ್ ಬಂದ ಹಾಗೇನೇ. ಆಮೇಲೆ ಪೆಡಲ್ ಹಾಕಿ.

ನಾವು ಜಾಗ ಹುಡುಕಿದ್ದು ಕಾರ್ಯವಟ್ಟಂ ಹತ್ತಿರದ ಒಂದು ಖಾಲಿ ಬಡಾವಣೆ. ತಮಾಷೆ ನೋಡಿ, ಅದೇ ಕಾರ್ಯವಟ್ಟಂನ ಲಕ್ಷ್ಮೀಬಾಯಿ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಸೈಕಲ್ ರೇಸಿಗೆ ಅಂತಲೇ ಕಟ್ಟಿದ ವೆಲೊಡ್ರೋಮ್ ಇದೆ. ಆ ಬಾಗಿದ ಟ್ರ್ಯಾಕಿನ ಮೇಲೆ ಬ್ರೇಕೇ ಇಲ್ಲದ ಸೈಕಲ್ಲುಗಳು ಗಾಳಿ ಹಾಗೆ ಸುತ್ತುತ್ತವೆ. ಅದಕ್ಕೆ ಸ್ವಲ್ಪ ದೂರದಲ್ಲಿ ನಮ್ಮ ಟೀಮ್ ಲೀಡ್ ಸಾಹೇಬರು ಪೆಡಲ್ ಇಲ್ಲದ ಸೈಕಲ್ ಮೇಲೆ ಬಾತುಕೋಳಿ ಹಾಗೆ ಕಾಲು ಬಡೀತಿದ್ರು. ನನಗೆ ಒಂದೇ ಕೆಲಸ ಕೊಟ್ಟಿದ್ದ. ಕಟ್ಟೆ ಮೇಲೆ ಕೂತ್ಕೋಬೇಕು, ಬಾಯಿ ತೆರೀಬಾರದು. ನನ್ನ ಜೀವನದಲ್ಲಿ ಅದಕ್ಕಿಂತ ಕಷ್ಟದ ಕೆಲಸ ಮಾಡಿಲ್ಲ. ಎರಡನೇ ಭಾನುವಾರ, ಬೆಳಿಗ್ಗೆ ಏಳರ ಹೊತ್ತಿಗೆ, ಅವನು ಪೆಡಲ್ ತುಳಿದು ಬಡಾವಣೆಯ ಆ ತುದಿ ಮುಟ್ಟಿ ಬಂದ. ಬ್ರೇಕ್ ಮರೆತು ನೇರ ಹುಲ್ಲಿಗೆ ಹೋದ, ಅದು ಬೇರೆ ಮಾತು.

ಇಲ್ಲಿಗೆ ಕಥೆ ಮುಗೀಬೇಕಿತ್ತು. ಆದ್ರೆ ನನ್ನ ನಿಜವಾದ ತಪ್ಪು ಇನ್ನೂ ಮುಂದಿದೆ.

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಹಳೇ ಫೋಟೋ ಇತ್ತು. ಮೇರಿ ಕ್ಯೂರಿ, ಪಿಯೆರ್ ಕ್ಯೂರಿ, ಇಬ್ಬರದ್ದೂ ಒಂದೊಂದು ಸೈಕಲ್. 1895ರ ಜುಲೈನಲ್ಲಿ ಅವರ ಮದುವೆಯಾಯ್ತು. ಉಡುಗೊರೆಯ ದುಡ್ಡಲ್ಲಿ ಎರಡು ಸೈಕಲ್ ತಗೊಂಡು ಫ್ರಾನ್ಸಿನ ಹಳ್ಳಿ ದಾರಿ ಸುತ್ತೋಕೆ ಹೋದರು. ನನ್ನ ಮಟ್ಟಿಗೆ ಪ್ರೀತಿ ಅಂದ್ರೆ ಅದು. ಇವನು ಸೈಕಲ್ ಕಲಿತ ತಕ್ಷಣ ನಾನು ಒಂದು ಪ್ಲಾನ್ ಬರೆದೆ. ಕೊಚ್ಚಿಯಿಂದ ತಿರುವನಂತಪುರ ಸುಮಾರು ಇನ್ನೂರು ಕಿಲೋಮೀಟರ್. ದೂರದ ಸೈಕ್ಲಿಂಗ್ ಮಾಡೋರಿಗೆ ಬ್ರೆವೆ ಅಂತ ಇರುತ್ತೆ. ಇನ್ನೂರು ಕಿಲೋಮೀಟರಿಗೆ ಹದಿಮೂರೂವರೆ ಗಂಟೆ ಗಡುವು. ಆ ಲೆಕ್ಕದಲ್ಲಿ ನನ್ನೂರಿಂದ ಅವನೂರಿಗೆ ಒಂದೇ ದಿನಕ್ಕೆ ಇಬ್ಬರೂ ಹೋಗೋದು. ಎಂಥಾ ರೊಮ್ಯಾಂಟಿಕ್! ಸ್ಪ್ರೆಡ್‌ಶೀಟ್ ಮಾಡಿದೆ. ವಾರಕ್ಕೆ ಇಷ್ಟು ಕಿಲೋಮೀಟರು, ಇಷ್ಟು ಸ್ಪೀಡು. ನಡುವೆ ಬಣ್ಣ ಬೇರೆ.

ಅವನು ಪಾಪ, ಬಂದ. ನಾಲ್ಕು ತಿಂಗಳು ತುಳಿದ. ಒಂದು ದಿನ ಕಂಟೇನರ್ ರೋಡ್. ಕೊಚ್ಚಿಯವರಿಗೆ ಗೊತ್ತು, ಕಳಮಶ್ಶೇರಿಯಿಂದ ವಲ್ಲಾರ್‌ಪಾಡಂ ಬಂದರಿಗೆ ಹೋಗೋ ಹೆದ್ದಾರಿ. ನೇರ, ಚಪ್ಪಟೆ, ನೆರಳಿಲ್ಲ, ಹಿನ್ನೀರಿನ ಗಾಳಿ ಎದೆಗೇ ಹೊಡೆಯುತ್ತೆ. ನಾನು ಮುಂದೆ ಹೋಗೋದು, ಸೇತುವೆ ಮೇಲೆ ನಿಂತು ನೀರು ಕುಡಿದು ಕಾಯೋದು, ಅವನು ಬಂದ ತಕ್ಷಣ "ಸೂಪರ್, ಬಾ ಹೋಗೋಣ" ಅಂತ ಹೊರಡೋದು. ಮೂರು ಸಲ ಹೀಗಾಯ್ತು. ನಾಲ್ಕನೇ ಸಲ ಅವನು ಸೈಕಲ್ ಇಳಿದು ತಡೆಗೋಡೆಗೆ ಒರಗಿಸಿದ. ಧ್ವನಿ ಏರಿಸಲಿಲ್ಲ.

"ನೀನು ಕಾಯ್ತೀಯ, ಅದು ಸರಿ. ಆದ್ರೆ ನಾನು ಬಂದು ಮುಟ್ಟುವಾಗ ನಿನ್ನ ರೆಸ್ಟ್ ಮುಗಿದಿರ್ತದೆ. ನಂದು ಶುರುವೇ ಆಗಿರುದಿಲ್ಲ. ಮೂರು ಗಂಟೆಯಿಂದ ನಾನು ನಿನ್ನ ಬೆನ್ನು ಮಾತ್ರ ನೋಡುದು. ಇದು ಜೊತೆಗೆ ಹೋಗುದಾ?"

ಆಮೇಲೆ ಇನ್ನೊಂದು ಮಾತು ಹೇಳಿದ. "ಫೋರ್ಟ್ ಕೊಚ್ಚಿಯಲ್ಲಿ ನೀನು ಒಂದು ಸಲ ನಕ್ಕದ್ದು. ಈಗ ನಗುದಿಲ್ಲ, ಆದ್ರೆ ದಿನಾ ಅಳತೆ ಮಾಡ್ತೀಯ. ನಂಗೆ ನಗುವುದೇ ವಾಸಿ ಇತ್ತು."

ಅವತ್ತು ಅವನ ಜೊತೆ ನನ್ನ ಸಂಬಂಧ ಮುಗೀತು ಅಂತಲೇ ಅಂದ್ಕೊಂಡೆ. ಲಾರಿಗಳು ಹೋಗ್ತಾ ಇದ್ವು. ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕಂದ್ರೆ ಅವನು ಹೇಳಿದ್ದು ಲೆಕ್ಕ. ಮುಂದಿರೋನು ಕಾದಷ್ಟು ಹೊತ್ತೂ ದಣಿವಾರಿಸ್ಕೊಳ್ತಾನೆ, ಹಿಂದಿರೋನು ದಣಿದಷ್ಟೂ ಕಮ್ಮಿ ನಿಲ್ತಾನೆ. ಕಾಯೋದನ್ನ ನಾನು ಔದಾರ್ಯ ಅಂದ್ಕೊಂಡಿದ್ದೆ. ಆ ಕ್ಯೂರಿ ಫೋಟೋವನ್ನ ರಾತ್ರಿ ಮತ್ತೆ ನೋಡಿದೆ. ವರ್ಷಗಟ್ಟಲೆ ನೋಡಿದ ಫೋಟೋ. ಅದರಲ್ಲಿ ಇಬ್ಬರೂ ಸೈಕಲ್ ಹಿಡ್ಕೊಂಡು ಸುಮ್ಮನೆ ನಿಂತಿದ್ದಾರೆ. ಯಾರು ಫಾಸ್ಟು, ಯಾರು ಸ್ಲೋ ಅಂತ ಅದರಿಂದ ಗೊತ್ತೇ ಆಗಲ್ಲ.

ಮುಂದಿನ ವಾರ ಸ್ಪ್ರೆಡ್‌ಶೀಟ್ ಡಿಲೀಟ್ ಮಾಡಿದೆ. ಇಬ್ಬರೂ ಕೂತು ಮೂರು ನಿಯಮ ಮಾಡ್ಕೊಂಡ್ವಿ. ಇವತ್ತಿಗೂ ಇವೆ.

ಒಂದು, ನಿಧಾನ ಇರೋರು ಮುಂದೆ. ಅವನು ಎಷ್ಟು ಹೋಗ್ತಾನೋ ಅಷ್ಟೇ ಸ್ಪೀಡು. ಎಲ್ಲಿ ನಿಲ್ತಾನೋ ಅಲ್ಲೇ ಚಹಾ.

ಎರಡು, ಎದುರುಗಾಳಿ ಬಂದ್ರೆ ಮಾತ್ರ ನಾನು ಮುಂದೆ. ಮುಂದಿನ ಸೈಕಲ್ ಗಾಳಿ ಸೀಳುತ್ತೆ, ಅದರ ಚಕ್ರಕ್ಕೆ ಹತ್ತಿರ ಬರೋರಿಗೆ ಶ್ರಮ ಎಷ್ಟೋ ಕಮ್ಮಿಯಾಗುತ್ತೆ. ಆದ್ರೆ ಹತ್ತಿರ ಇದ್ರೆ ಮಾತ್ರ. ನಾನು ಐವತ್ತು ಮೀಟರ್ ಮುಂದೆ ಹೋದ್ರೆ ನನ್ನ ಬಲ ಅವನಿಗೆ ಯಾವ ಉಪಯೋಗಕ್ಕೂ ಇಲ್ಲ. ಅಂತರ ಜಾಸ್ತಿಯಾದ್ರೆ ಅವನು ಒಂದು ಮಲಯಾಳಂ ಶಬ್ದ ಕೂಗ್ತಾನೆ, "ಪದುಕ್ಕೆ!" ನಿಧಾನ ಅಂತ. ನಾನು ಕಲಿತ ಮೊದಲ ಮಲಯಾಳಂ ಅದೇ.

ಮೂರು, ತಿಂಗಳಿಗೊಂದು ಭಾನುವಾರ ನಂದು. ನನ್ನ ಕಾಲಿಗೂ ಹಸಿವಿರುತ್ತೆ. ಬ್ರೆವೆಗೆ ನಾನು ಒಬ್ಬಳೇ ಹೋಗ್ತೀನಿ. ಅವನು ಮುಗಿಯೋ ಜಾಗಕ್ಕೆ ಬರ್ತಾನೆ, ಕೈಯಲ್ಲಿ ಪಳಂಪೊರಿ ಪೊಟ್ಟಣ. ಬಾಳೆಹಣ್ಣಿನ ಬಜ್ಜಿ ರೀ, ನೂರ ತೊಂಬತ್ತನೇ ಕಿಲೋಮೀಟರಿನಲ್ಲಿ ಅದೇ ಕಣ್ಣಮುಂದೆ ಬರೋದು. ಒಂದು ಪ್ರೀತಿಯನ್ನ ಹಂಚ್ಕೋಬೇಕು ಅಂದ್ರೆ ಪೂರ್ತಿ ಹಂಚಲೇಬೇಕು ಅಂತಿಲ್ಲ.

ಮುಂದಿನ ಡಿಸೆಂಬರಿನಲ್ಲಿ ನಾವು ಕೊಚ್ಚಿಯಿಂದ ತಿರುವನಂತಪುರಕ್ಕೆ ಹೋದ್ವಿ. ಹದಿಮೂರೂವರೆ ಗಂಟೆಯಲ್ಲಿ ಅಲ್ಲ, ನಾಲ್ಕು ದಿನದಲ್ಲಿ. ಹೆದ್ದಾರಿ 66 ಬಿಟ್ಟು ಆದಷ್ಟು ಕಡಲ ದಾರಿ. ಮೊದಲ ದಿನ ಚೆಲ್ಲಾನಂ ಮೇಲೆ ಆಲಪ್ಪುಳ. ಎರಡನೇ ದಿನ ತೃಕ್ಕುನ್ನಪ್ಪುಳ, ಆರಾಟ್ಟುಪುಳ. ಅಲ್ಲಿ 2022ರಲ್ಲಿ ತೆರೆದ ವಲಿಯಳೀಕಲ್ ಕಮಾನು ಸೇತುವೆ ಇದೆ. ಅದರ ನೆತ್ತಿಯಲ್ಲಿ ನಿಂತ್ರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಿನ್ನೀರು, ಕೆಳಗೆ ಮೀನಿನ ದೋಣಿ. ಏರು ಹತ್ತುವಾಗ ಅವನು ಇಳಿದು ತಳ್ಳಿದ. ನಾನೂ ಇಳಿದು ತಳ್ಳಿದೆ. ಒಂದು ವರ್ಷದ ಹಿಂದೆ ಆಗಿದ್ರೆ ಹತ್ತಿ ತೋರಿಸ್ತಿದ್ದೆ. ಆ ರಾತ್ರಿ ಕರುನಾಗಪ್ಪಳ್ಳಿ.

ಮೂರನೇ ದಿನ ಕೊಲ್ಲಂ ದಾಟಿ, ಪರವೂರ್ ದಾಟಿ, ಕಾಪ್ಪಿಲ್. ಅಲ್ಲಿ ರಸ್ತೆಗೆ ಎಡಕ್ಕೂ ನೀರು, ಬಲಕ್ಕೂ ನೀರು. ಅವನು ಮುಂದೆ, ನಾನು ಹಿಂದೆ. ತಿರುಗಿ ನೋಡದೇನೇ ಕೇಳಿದ, "ಮನೆಯಲ್ಲಿ ಮಾತಾಡುದಾ?" ಗಾಳಿಗೆ ನನಗೆ ಸರಿಯಾಗಿ ಕೇಳಿಸಲಿಲ್ಲ, "ಏನು?" ಅಂದೆ. "ಎಂತ ಇಲ್ಲ, ವರ್ಕಲದಲ್ಲಿ ಹೇಳ್ತೇನೆ" ಅಂದ. ವರ್ಕಲದವರೆಗಿನ ಅಷ್ಟು ದಾರಿ ನಾನು ಎಷ್ಟು ನಿಧಾನ ತುಳಿದೆ ಅಂತ ನಿಮಗೆ ಹೇಳೋಕಾಗಲ್ಲ.

ಕೊನೆಯ ದಿನ ಅಂಜುತೆಂಗು, ಪೆರುಮಾತುರ, ತುಂಬಾ. 1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೊದಲ ರಾಕೆಟ್ ಹಾರಿದ್ದು ಆ ತುಂಬಾದಿಂದ. ಆ ಕಾಲದ ಒಂದು ಪ್ರಸಿದ್ಧ ಫೋಟೋ ನೀವೂ ನೋಡಿರ್ತೀರಿ, ರಾಕೆಟ್ಟಿನ ಮೂತಿಯನ್ನ ಸೈಕಲ್ ಕ್ಯಾರಿಯರ್ ಮೇಲಿಟ್ಟು ಇಬ್ಬರು ಒಯ್ತಿರೋದು. ಸೈಕಲ್ ನಿಲ್ಲಿಸಿ ಅದನ್ನ ನೆನೆಸ್ಕೊಂಡು ನಕ್ಕಿದ್ವಿ. ಆ ಫೋಟೋದಲ್ಲೂ ಯಾರೂ ಹತ್ತಿ ತುಳೀತಿಲ್ಲ. ಒಬ್ಬ ಹ್ಯಾಂಡಲ್ ಹಿಡಿದಿದ್ದಾನೆ, ಇನ್ನೊಬ್ಬ ಹಿಂದೆ ಭಾರ ಹಿಡಿದಿದ್ದಾನೆ. ಇಬ್ಬರೂ ನಡೀತಿದ್ದಾರೆ.

ನಮ್ಮಲ್ಲಿ ತುಂಬಾ ಜನ ಎರಡು ಊರಿನಲ್ಲಿ ಸಂಸಾರ ಮಾಡ್ತೀವಿ, ಇಬ್ಬರಿಗೂ ಡೆಡ್‌ಲೈನ್. ನಿಮಗೆ ಇಷ್ಟ ಇರೋದನ್ನ, ಅದು ಸೈಕಲ್ ಇರಬಹುದು, ಚಾರಣ ಇರಬಹುದು, ಸಂಗೀತ ಇರಬಹುದು, ನಿಮ್ಮವರಿಗೂ ಕೊಡಬೇಕು ಅನ್ನಿಸುತ್ತೆ. ಕೊಡಿ. ಆದ್ರೆ ನೀವು ಹದಿನೈದು ವರ್ಷದಲ್ಲಿ ಕಲಿತಿದ್ದನ್ನ ಅವರು ಹದಿನೈದು ವಾರದಲ್ಲಿ ಮುಟ್ಟಲಿ ಅಂತ ಸೇತುವೆ ಮೇಲೆ ನಿಂತು ಕಾಯಬೇಡಿ. ಅವರನ್ನ ಮುಂದೆ ಬಿಡಿ. ಅವರು ಎಲ್ಲೆಲ್ಲಿ ನಿಲ್ತಾರೆ, ಏನೇನು ನೋಡ್ತಾರೆ ಅಂತ ಹಿಂದಿನಿಂದ ನೋಡಿ. ಎಷ್ಟೋ ಸಲ ಓಡಾಡಿದ ವಿಲ್ಲಿಂಗ್ಡನ್ ಐಲೆಂಡಿನಲ್ಲಿ ಅಷ್ಟೊಂದು ದೊಡ್ಡ ಮರಗಳಿವೆ ಅಂತ ನನಗೆ ಗೊತ್ತಾಗಿದ್ದು ಅವನ ಹಿಂದೆ ಹೋದ ಮೇಲೆ.

ಮನೆಯಲ್ಲಿ ಮಾತಾಡಿದ್ವಿ. ನಮ್ಮ ಅಪ್ಪ ಅಳಿಯನನ್ನ ಕೇಳಿದ ಮೊದಲ ಪ್ರಶ್ನೆ, "ಸೈಕಲ್ ಬರ್ತದೇನಪಾ ನಿಮಗ?" ಇವನು ನನ್ನ ಮುಖ ನೋಡಿ, "ಈಗ ಬರ್ತದೆ" ಅಂದ.