ನೀವು ಅವರಿಗೆ ಏನಾಗಬೇಕು?

(ಕೋಲಾರದಲ್ಲಿ ಗಿರಣಿ ಕೆಲಸಗಾರರೂ ಅಂಗಡಿಕಾರರೂ ಸೇರಿದ್ದ ಸಭೆಯಲ್ಲಿ ಮುಳಬಾಗಿಲಿನ ಬಟ್ಟೆ ವ್ಯಾಪಾರಿಯೊಬ್ಬರು ಮಾಡಿದ ಭಾಷಣ. ಅವರ ಕೋರಿಕೆಯಂತೆ ಹೆಸರನ್ನು ಅಚ್ಚು ಮಾಡಿಲ್ಲ. – ಸಂ.)



ನಾನು ಭಾಷಣಕಾರನಲ್ಲ. ಮುಳಬಾಗಿಲಿನಲ್ಲಿ ಒಂದು ಸಣ್ಣ ರೆಡಿಮೇಡ್ ಬಟ್ಟೆಯ ಅಂಗಡಿ ಇಟ್ಟುಕೊಂಡಿದ್ದೇನೆ. ಪರದೇಶಕ್ಕೆ ಹೋಗಿಬಂದ ಅನುಭವ ಹೇಳು ಎಂದು ತಾವು ಕೇಳಿದಿರಿ. ಊರು, ಗುಡಿ, ಸಂತೆಗಳ ವರ್ಣನೆ ಮಾಡಿ ಇಳಿದುಬಿಡಬಹುದಾಗಿತ್ತು. ಆದರೆ ಹೇಳಬೇಕಾದ್ದನ್ನು ಬಿಟ್ಟು ಹೇಳಬಹುದಾದ್ದನ್ನು ಮಾತ್ರ ಹೇಳಿದರೆ ಅದು ತಮಗೆ ಮಾಡಿದ ಮೋಸವಾಗುತ್ತದೆ.

ನಾನು ಹೋದದ್ದು ಒಬ್ಬನೇ ಅಲ್ಲ. ಮಾಲೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಭಟ್ಟಿಯ ಕೆಲಸ ಮಾಡುವ ನನ್ನ ಜೊತೆಗಾರ ಬಂದಿದ್ದ. ಹದಿನಾಲ್ಕು ವರ್ಷಗಳಿಂದ ನಾವು ಒಂದೇ ಸೂರಿನಡಿ ಇದ್ದೇವೆ. ಗಂಡ ಹೆಂಡಿರು ಹೇಗೋ ಹಾಗೆ ಇದ್ದೇವೆ. ಪೇಪರಿನವರು ಇಂಥವರನ್ನು ಸಲಿಂಗಿಗಳು ಎಂದು ಬರೆಯುತ್ತಾರೆ. ಬೀದಿಯಲ್ಲಿ ಬೇರೆ ಮಾತುಗಳಿವೆ. ಅವು ತಮಗೆಲ್ಲ ಗೊತ್ತು, ನನಗೂ ಗೊತ್ತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗಲಿ, ಅಡ್ಡಿಯಿಲ್ಲ. ಪೂರ್ತಿ ಕೇಳಿ ಆಮೇಲೆ ನಕ್ಕರೆ ಸಾಕು.

ನಮ್ಮಂಥವರನ್ನು ಲೋಕವೆಲ್ಲ ಕೇಳುವ ಪ್ರಶ್ನೆ ಒಂದೇ: “ನೀವು ಅವರಿಗೆ ಏನಾಗಬೇಕು?” ಬಾಡಿಗೆ ಮನೆಯ ಯಜಮಾನಿ ಕೇಳುತ್ತಾಳೆ, ಲಾಡ್ಜಿನ ಗುಮಾಸ್ತ ಕೇಳುತ್ತಾನೆ, ಕಚೇರಿಯ ಅರ್ಜಿ ಕೇಳುತ್ತದೆ. ಈ ಪ್ರಶ್ನೆಗೆ ಮೂರು ಕಡೆ ಕೊಟ್ಟ ಮೂರು ಉತ್ತರಗಳನ್ನು ಈ ಹೊತ್ತು ತಮ್ಮ ಮುಂದಿಡುತ್ತೇನೆ.

ಮೊದಲನೆಯದು ಕೊಲಂಬೊ. 2018ರ ಸೆಪ್ಟೆಂಬರ್ 6ರಂದು ನಮ್ಮ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು, ವಯಸ್ಕರಿಬ್ಬರು ಒಪ್ಪಿ ಖಾಸಗಿಯಾಗಿ ನಡೆಸುವ ಬಾಳು 377ನೆಯ ಕಲಮಿನಂತೆ ಅಪರಾಧವಲ್ಲವೆಂದು ತೀರ್ಪು ಕೊಟ್ಟರು. ನಾಲ್ಕು ತಿಂಗಳ ಮೇಲೆ, 2019ರ ಜನವರಿಯಲ್ಲಿ, ನಾವು ಕೂಡಿಟ್ಟ ಹಣದಲ್ಲಿ ಸಿಂಹಳಕ್ಕೆ ಹೊರಟೆವು. ವಿಮಾನ ಹತ್ತುವಾಗ ಕಾನೂನಿನ ಕಣ್ಣಿಗೆ ನಾವು ನಿರಪರಾಧಿಗಳು, ಇಳಿಯುವಾಗ ಅಪರಾಧಿಗಳು. ಅಲ್ಲಿನ 1883ರ ದಂಡ ಸಂಹಿತೆಯಲ್ಲಿ 365 ಮತ್ತು 365ಎ ಎಂಬ ಕಲಮುಗಳಿದ್ದವು. 1995ರ ತಿದ್ದುಪಡಿಯಲ್ಲಿ ಅದನ್ನು ತೆಗೆಯುವ ಬದಲು ಹೆಂಗಸರನ್ನೂ ಅದರೊಳಕ್ಕೆ ಸೇರಿಸಿದರು.

ಲಾಡ್ಜಿನ ಗುಮಾಸ್ತ ತಮಿಳಿನಲ್ಲಿ ಕೇಳಿದ. ಗಡಿ ಸೀಮೆಯವರಾದ ನಮಗೆ ತಮಿಳು ತೆಲುಗು ಎರಡೂ ಬರುತ್ತವೆ. “ಚಿಕ್ಕಪ್ಪನ ಮಗ” ಎಂದೆ. ಆತ ಮತ್ತೇನೂ ಕೇಳದೆ ಕೀಲಿಕೈ ಕೊಟ್ಟ. ಇದರ ಮರ್ಮವನ್ನು ತಾವು ಗಮನಿಸಬೇಕು. ಕೋಲಾರದಲ್ಲಾಗಲಿ ಕೊಲಂಬೊದಲ್ಲಾಗಲಿ ಗಂಡಸರಿಬ್ಬರು ಹೆಗಲ ಮೇಲೆ ಕೈಹಾಕಿ ನಡೆದರೆ, ಒಂದು ಕೋಣೆ ಹಿಡಿದರೆ ಯಾರೂ ತಿರುಗಿ ನೋಡುವುದಿಲ್ಲ. ನಮ್ಮನ್ನು ಕಾಯುವುದು ಕಾನೂನಲ್ಲ, ಜನಕ್ಕೆ ಅನುಮಾನ ಬಾರದಿರುವುದು. ಆದರೆ ಅನುಮಾನ ಬಂದ ದಿನ ಯಾರೂ ಕಾಯುವುದಿಲ್ಲ. ಕೆಲಣಿಯ ವಿಹಾರದಲ್ಲಿ ಹೂವಿಟ್ಟು ಕೈಮುಗಿದೆವು. ಪೇಟೆಯ ಜವಳಿ ಸಾಲಿನಲ್ಲಿ ತಿರುಗಿದೆವು. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಆದರೂ ಆ ಐದು ದಿನ ರಾತ್ರಿ ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ನನ್ನ ಜೊತೆಗಾರ ಎದ್ದು ಕೂರುತ್ತಿದ್ದ.

ಬುದ್ಧನ ನಾಡಿನಲ್ಲಿ ಹೀಗೇಕೆ ಎಂದು ನಾನೂ ಯೋಚಿಸಿದೆ. ಈ ಜಿಲ್ಲೆಗೆ ಬುದ್ಧ ಹೊಸಬನಲ್ಲ. 1898ರಲ್ಲಿ ಅಯೋತಿದಾಸ ಪಂಡಿತರು ಸಿಂಹಳಕ್ಕೆ ಹೋಗಿ ಬೌದ್ಧರಾಗಿ ಬಂದರು. ಅವರು ಕಟ್ಟಿದ ಬೌದ್ಧ ಸಂಘ ನಮ್ಮ ಚಿನ್ನದ ಗಣಿಯ ಮಾರಿಕುಪ್ಪಂನಲ್ಲಿ ಬೇರುಬಿಟ್ಟಿತು. ಭೂಮಿಯೊಳಗೆ ಇಳಿದು ಪ್ರಾಣ ತೇಯುತ್ತಿದ್ದ ಕೂಲಿಗಳು, ಮೇಲೆ ಬಂದಾಗಲಾದರೂ ಮನುಷ್ಯರೆನಿಸಿಕೊಳ್ಳಬೇಕೆಂದು ಬುದ್ಧನ ಬಳಿಗೆ ಹೋದರು. ಅಂಥ ಧರ್ಮದ ನಾಡಿನಲ್ಲಿ ನಮಗೇಕೆ ಜೈಲು?

ಗೃಹಸ್ಥರಿಗೆ ಹೇಳಿದ ಪಂಚಶೀಲದಲ್ಲಿ ಕಾಮದಲ್ಲಿ ಅನಾಚಾರ ಬೇಡವೆಂಬ ಮಾತಿದೆ. ನಮ್ಮಂಥವರ ಹೆಸರೆತ್ತಿ ಶಿಕ್ಷೆ ಹೇಳಿದ್ದಿಲ್ಲ. ಭಿಕ್ಷುಗಳಿಗೆ ಬ್ರಹ್ಮಚರ್ಯದ ನಿಯಮ ಉಂಟು. ಅದು ಹೆಣ್ಣಿನ ಸಂಗಕ್ಕೂ ಗಂಡಿನ ಸಂಗಕ್ಕೂ ಒಂದೇ. ಪಂಡಕರೆಂಬವರಿಗೆ ಸಂಘದಲ್ಲಿ ದೀಕ್ಷೆ ಕೊಡಬಾರದೆಂದು ವಿನಯದಲ್ಲಿದೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಗೃಹಸ್ಥರನ್ನು ಸೆರೆಗೆ ಹಾಕು ಎಂದು ಹೇಳಿದವರು ಭಿಕ್ಷುಗಳಲ್ಲ. ಹೇಳಿದ್ದು ಬಿಳಿಯರ ದಂಡ ಸಂಹಿತೆ. ಇಂಡಿಯಾಕ್ಕೆ 1860ರಲ್ಲಿ ಬರೆದದ್ದನ್ನೇ ಬರ್ಮಾಕ್ಕೆ ಹೊರಿಸಿದರು. ಸಿಂಹಳಕ್ಕೆ ಅದರ ಅಚ್ಚಿನಲ್ಲೇ ಇನ್ನೊಂದು ಮಾಡಿದರು. ಬಿಳಿಯರು ಹೋದರು, ಕಲಮು ಉಳಿಯಿತು. ಅದನ್ನೇ ಇಂದು ನಮ್ಮ ಸನಾತನ ಸಂಸ್ಕೃತಿಯೆಂದು ಎದೆಗವಚಿಕೊಂಡವರಿದ್ದಾರೆ!

ಈ ವಾದಕ್ಕೂ ಒಂದು ಮಿತಿಯಿದೆ. ಭೂತಾನವನ್ನು ಬಿಳಿಯರು ಆಳಲಿಲ್ಲ. ಆದರೂ ಅದರ 2004ರ ದಂಡ ಸಂಹಿತೆಯಲ್ಲಿ ಇಂಥ ಕಲಮು ಇತ್ತು. 2020ರ ಡಿಸೆಂಬರಿನಲ್ಲಿ ಅಲ್ಲಿನ ಪಾರ್ಲಿಮೆಂಟು ಅದನ್ನು ತೆಗೆಯಲು ಒಪ್ಪಿತು. 2021ರಲ್ಲಿ ಅರಸರ ಅಂಕಿತವೂ ಬಿತ್ತು. ಸಿಂಹಳದಲ್ಲಿ 2023ರ ಮೇ ತಿಂಗಳಲ್ಲಿ, ಆ ಕಲಮುಗಳನ್ನು ತೆಗೆಯುವ ಮಸೂದೆ ಸಂವಿಧಾನಕ್ಕೆ ವಿರೋಧವಲ್ಲವೆಂದು ಸುಪ್ರೀಂ ಕೋರ್ಟು ಹೇಳಿದರೂ, ಪಾರ್ಲಿಮೆಂಟು ಆಗ ಅದನ್ನು ಕಾಯಿದೆ ಮಾಡಲಿಲ್ಲ. ಆದ್ದರಿಂದ ಒಂದು ನಾಡಿನ ದೇವರು ಯಾರೆಂದು ಕೇಳಿದರೆ ಸಾಲದು. ಕಾಯಿದೆ ಯಾರ ಕೈಯಲ್ಲಿದೆ, ಜನ ಏನು ಒತ್ತಾಯ ಮಾಡಿದ್ದಾರೆ ಎಂದು ಕೇಳಬೇಕು.

ಎರಡನೆಯ ಊರು ಬ್ಯಾಂಕಾಕ್. ಅಲ್ಲಿಗೆ ಹೋದದ್ದು 2025ರ ಫೆಬ್ರವರಿಯಲ್ಲಿ, ಅಂಗಡಿಗೆ ಸರಕು ತರಲು. ನಮ್ಮ ಕಡೆಯ ಬಟ್ಟೆ ವ್ಯಾಪಾರಿಗಳು ಪ್ರತುನಾಮ್, ಬೊಬೆ ಮಾರುಕಟ್ಟೆಗಳ ಹೆಸರು ಕೇಳಿರುತ್ತೀರಿ. ಸಗಟು ಅಂಗಿ, ಲಂಗ, ಮಕ್ಕಳ ಉಡುಪು ಅಲ್ಲಿ ಗುಡ್ಡೆ ಬಿದ್ದಿರುತ್ತದೆ. ಭಾಷೆ ಬೇಕಿಲ್ಲ, ಕ್ಯಾಲ್ಕುಲೇಟರು ಇದ್ದರೆ ಸಾಕು. ಅವರು ಒಂದು ಅಂಕಿ ಒತ್ತುತ್ತಾರೆ, ನೀವು ಒಂದು ಒತ್ತುತ್ತೀರಿ.

ಆ ದೇಶವೂ 1908ರಲ್ಲಿ ಪಾಶ್ಚಾತ್ಯರ ಮಾದರಿಯ ದಂಡ ಸಂಹಿತೆ ಮಾಡಿಕೊಂಡಾಗ ಇಂಥ ಕಲಮನ್ನು ಸೇರಿಸಿಕೊಂಡಿತ್ತು. 1956ರಲ್ಲಿ ಹೊಸ ಸಂಹಿತೆ ಬರೆದಾಗ ಅದನ್ನು ಕೈಬಿಟ್ಟರು. ನಮ್ಮ ಕನ್ನಡನಾಡು ಒಂದಾದ ವರ್ಷವೂ ಅದೇ. 2024ರ ಜೂನ್ 18ರಂದು ಅಲ್ಲಿನ ಸೆನೆಟ್ ಸಭೆ ಮದುವೆಯ ಕಾಯಿದೆಯ ತಿದ್ದುಪಡಿಗೆ ಒಪ್ಪಿತು. ಪರವಾಗಿ 130, ವಿರುದ್ಧ 4. ಗಂಡ-ಹೆಂಡತಿ ಎಂದಿದ್ದ ಕಡೆ ಬಾಳಸಂಗಾತಿ ಎಂಬರ್ಥದ ಮಾತು ಬಂತು. 2025ರ ಜನವರಿ 23ರಂದು ಜಾರಿಗೆ ಬಂದ ಮೊದಲ ದಿನವೇ ಸಾವಿರದ ಎಂಟುನೂರಕ್ಕೂ ಹೆಚ್ಚು ಜೋಡಿಗಳು ಮದುವೆಯನ್ನು ರಿಜಿಸ್ಟರು ಮಾಡಿಸಿದರು.

ಹೋಟೆಲಿನ ಹುಡುಗಿ ಕೇಳಿದ ಪ್ರಶ್ನೆಯೇ ಬೇರೆ: “ಒಂದು ಮಂಚವೋ, ಎರಡೋ?” ಕಾಫಿಯೋ ಟೀಯೋ ಎಂದು ಕೇಳಿದಷ್ಟು ಸಲೀಸಾಗಿ ಕೇಳಿದಳು. ಹಳೆಯ ಅಭ್ಯಾಸ, ನಾನು ಎರಡು ಎಂದುಬಿಟ್ಟೆ! ಜೊತೆಗಾರ ಆ ದಿನವೆಲ್ಲ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಮಾರನೆಯ ದಿನ ಪ್ರತುನಾಮ್‌ನಲ್ಲಿ ಅಂಗಡಿಯ ಹೆಂಗಸು, ನಮ್ಮ ತಾಯಿಯ ವಯಸ್ಸಿನವರು, ಫೋನಿನ ಭಾಷಾಂತರದಲ್ಲಿ ಕೇಳಿದರು: ಇವರು ನಿಮಗೆ ಏನಾಗಬೇಕು? ನನ್ನ ಬಾಯಿ ಒಣಗಿತು. ಜೊತೆಗಾರನೇ ಫೋನು ತೆಗೆದುಕೊಂಡು, “ನಾವಿಬ್ಬರೂ ಒಂದೇ ಮನೆಯವರು” ಎಂದ. ಆಕೆ ತಲೆಯಾಡಿಸಿ, ತನ್ನ ತಮ್ಮನೂ ಅವನ ಸಂಗಾತಿಯೂ ಹೋದ ತಿಂಗಳು ರಿಜಿಸ್ಟರು ಮಾಡಿಸಿದರೆಂದು ಚಿತ್ರ ತೋರಿಸಿದರು. ಬೆಲೆಯಲ್ಲಿ ಮಾತ್ರ ಒಂದು ಭಾತ್ ಇಳಿಸಲಿಲ್ಲ. ವ್ಯಾಪಾರ ವ್ಯಾಪಾರವೇ. ಸಂಜೆ ಒಂದು ವಿಹಾರದಲ್ಲಿ ಮುದುಕ ಭಿಕ್ಷುವೊಬ್ಬರು ನಮ್ಮಿಬ್ಬರ ಮಣಿಕಟ್ಟಿಗೂ ಬಿಳಿಯ ನೂಲು ಕಟ್ಟಿದರು. ಅವರು ಏನನ್ನೂ ಕೇಳಲಿಲ್ಲ.

ಇದನ್ನು ಕೇಳಿ ಆ ದೇಶ ಸ್ವರ್ಗವೆಂದು ಭಾವಿಸಬೇಡಿ. ಪ್ರವಾಸಿಗೆ ಸಿಗುವ ನಗುವಿನಲ್ಲಿ ಅರ್ಧ ಪಾಲು ಅವನ ಜೇಬಿಗೆ ಸಲ್ಲುತ್ತದೆ. ಅದೇ ಪೇಟೆಯಲ್ಲಿ ಮೂಟೆ ಹೊರುವವರಲ್ಲಿ ಬರ್ಮಾದಿಂದ ಬಂದ ಹುಡುಗರಿದ್ದರು. ಅವರ ಊರಿನಲ್ಲಿ 377 ಎಂಬ ಅದೇ ಅಂಕಿಯ ಕಲಮು ನಮ್ಮ ತೀರ್ಪಿನ ನಂತರವೂ ಉಳಿದಿತ್ತು. ಹೊಸ ಮದುವೆ ಕಾಯಿದೆಯಲ್ಲೂ ತಂದೆ, ತಾಯಿ ಎಂಬ ಪದಗಳು ಹಾಗೆಯೇ ಉಳಿದಿವೆ. ಮಕ್ಕಳ ವಿಚಾರದಲ್ಲಿ ತೊಡಕು ಬಂದೀತೆಂದು ಅಲ್ಲಿನವರೇ ಹೇಳುತ್ತಾರೆ. ಹೋಗುವವರಿಗೆ ಇನ್ನೂ ಒಂದು ಮಾತು: ಗುಡಿಯಲ್ಲಿ ಮೊಣಕಾಲು, ಹೆಗಲು ಮುಚ್ಚಿರಬೇಕು, ಬುದ್ಧನ ಕಡೆ ಪಾದ ಚಾಚಬಾರದು, ಬೀದಿಯಲ್ಲಿ ಮುದ್ದಾಟ ಗಂಡ ಹೆಂಡಿರಿಗೂ ಶೋಭೆಯಲ್ಲ, ಅರಸರ ವಿಷಯ ಬಾಯಿಗೆ ತರಲೇಬಾರದು. ಅದಕ್ಕೆ ಮೂರರಿಂದ ಹದಿನೈದು ವರ್ಷದ ಸೆರೆಮನೆ ಇದೆ.

ಮೂರನೆಯ ಊರು ನಮ್ಮದೇ. 2022ರಲ್ಲಿ ಕಾರ್ಖಾನೆಯಲ್ಲಿ ಹೆಂಚಿನ ಅಟ್ಟಿ ಜರುಗಿ ನನ್ನ ಜೊತೆಗಾರನ ಕಾಲ ಮೇಲೆ ಬಿತ್ತು. ಆಸ್ಪತ್ರೆಗೆ ಎತ್ತಿಕೊಂಡು ಹೋದವನು ನಾನು, ಮುಂಗಡ ಹಣ ಕಟ್ಟಿದವನು ನಾನು. ಆಪರೇಷನ್ ಕಾಗದಕ್ಕೆ ಸಹಿ ಬೇಕೆಂದಾಗ, “ನೀವು ಏನಾಗಬೇಕು?” ಎಂದರು. ಸ್ನೇಹಿತ ಎಂದೆ. “ಸಂಬಂಧಿಕರನ್ನು ಕರೆಸಿ” ಎಂದರು. ಹನ್ನೊಂದು ವರ್ಷದಿಂದ ಅವನ ಮುಖ ನೋಡದ ಅಣ್ಣ ಗಡಿಯಾಚೆಯ ಹಳ್ಳಿಯಿಂದ ಬರುವವರೆಗೆ ಐದು ಗಂಟೆ ಕಾದೆವು. ಆ ಅಣ್ಣ ಸಹಿ ಹಾಕಿ, ನೀರೂ ಕುಡಿಯದೆ ಬಸ್ಸು ಹತ್ತಿದರು. ಸಹಿ ಅವರದು, ಆರೈಕೆ ನನ್ನದು.

ಆಮೇಲೆ ಪ್ರಾವಿಡೆಂಟ್ ಫಂಡಿನ ಅರ್ಜಿ. ಆತ ನನ್ನ ಹೆಸರು ಬರೆಯಬೇಕೆಂದ. 1952ರ ಆ ಯೋಜನೆಯಲ್ಲಿ ಕುಟುಂಬವೆಂದರೆ ಹೆಂಡತಿ, ಮಕ್ಕಳು, ಆಶ್ರಿತ ತಂದೆತಾಯಿ ಇತ್ಯಾದಿ. ಕುಟುಂಬವಿರುವವನು ಹೊರಗಿನವರ ಹೆಸರು ಬರೆದರೆ ಅದು ಅಸಿಂಧು. ಅವನ ತಾಯಿ ಇದ್ದಾರೆ. ಅವರಿಗೇ ಬರಲಿ, ನನ್ನ ತಕರಾರಿಲ್ಲ. ಆದರೆ ಬೆವರು ಸುರಿಸಿದವನು ತನ್ನ ಹಣದಲ್ಲಿ ಒಂದು ಪಾಲನ್ನೂ ತನ್ನ ಮನೆಯವನಿಗೆ ಬರೆಯಲಾರ ಎಂಬುದು ಯಾವ ನ್ಯಾಯ?

2023ರ ಅಕ್ಟೋಬರ್ 17ರಂದು ನಮ್ಮ ಸುಪ್ರೀಂ ಕೋರ್ಟು, ಇಂಥ ಮದುವೆಗೆ ಮಾನ್ಯತೆ ಕೊಡುವುದು ಪಾರ್ಲಿಮೆಂಟಿನ ಕೆಲಸವೆಂದು ಹೇಳಿತು. 2024ರಲ್ಲಿ ಕೇಂದ್ರ ಸರ್ಕಾರ ಕೆಲವು ಮಾತು ಸ್ಪಷ್ಟಪಡಿಸಿತು: ಇಂಥ ಸಂಗಾತಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು, ನಾಮಿನಿಯಾಗಿ ಒಬ್ಬರ ಹೆಸರನ್ನೊಬ್ಬರು ಬರೆಯಬಹುದು, ರೇಷನ್ ಕಾರ್ಡಿಗೆ ಒಂದೇ ಮನೆಯವರೆಂದು ಎಣಿಸಬೇಕು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ ಹಕ್ಕು ಇದ್ದೂ ಇಲ್ಲದಂತೆ.

ಸಭೆಗೆ ಮುಂಚೆ ಶ್ರೀನಿವಾಸಪುರದ ಮಾವಿನ ಮಂಡಿಯ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, “ಇದೆಲ್ಲ ದುಡ್ಡಿದ್ದವರ ಚಾಳಿ ಅಲ್ಲವೇನಪ್ಪ?” ಎಂದರು. ಯಜಮಾನರೆ, ದುಡ್ಡಿದ್ದವನಿಗೆ ಸ್ವಂತ ಮನೆಯುಂಟು, ಬಾಗಿಲು ಹಾಕಿಕೊಂಡರೆ ಮುಗಿಯಿತು. ವಕೀಲನಿದ್ದಾನೆ, ಉಯಿಲು ಬರೆಸುತ್ತಾನೆ. ಬಾಡಿಗೆ ಮನೆಯಲ್ಲಿರುವವನಿಗೆ, ದಿನಗೂಲಿಯವನಿಗೆ, ಜನರಲ್ ವಾರ್ಡಿನಲ್ಲಿ ಮಲಗಿದವನಿಗೆ ತಾನೆ “ಏನಾಗಬೇಕು” ಎಂಬ ಪ್ರಶ್ನೆ ಕುತ್ತಿಗೆಗೆ ಬರುವುದು?

ಇನ್ನು ಕೆಲವರು, ಬ್ಯಾಂಕಾಕಿನಲ್ಲೇ ರಿಜಿಸ್ಟರು ಮಾಡಿಸಿಕೊಂಡು ಬರಬಾರದಿತ್ತೇ ಎಂದು ಕೇಳಿದರು. ಆ ಕಾಗದ ಮಾಲೂರಿನ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ ಮಿತ್ರರೆ. ನಮಗೆ ಬೇಕಾದ್ದು ಗೋಡೆಗೆ ತೂಗುಹಾಕುವ ಚಿತ್ರವಲ್ಲ, ಆಪತ್ತಿನಲ್ಲಿ ಸಲ್ಲುವ ಕಾಗದ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಸಣ್ಣದು. ಪಾರ್ಲಿಮೆಂಟು ಮಾಡಬೇಕಾದ್ದನ್ನು ಮಾಡಿಸುವ ಹೋರಾಟ ನಡೆಯಲಿ. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಸಂಘದ ಕ್ಷೇಮನಿಧಿಯಲ್ಲಿ, ವರ್ತಕರ ಚೀಟಿಯಲ್ಲಿ, ಸದಸ್ಯ ಯಾರ ಹೆಸರು ಬರೆದನೋ ಅವರಿಗೆ ಹಣ ಸಲ್ಲಲಿ. ಏನಾಗಬೇಕೆಂಬ ಅಂಕಣ ಖಾಲಿಯಿದ್ದರೂ ನಡೆಯಲಿ. ಕೆಲಸಗಾರ ಗಾಯಗೊಂಡು ಆಸ್ಪತ್ರೆ ಸೇರಿದಾಗ ಸಂಘದ ಒಬ್ಬ ಪದಾಧಿಕಾರಿ ಹೋಗಿ, ಇವನ ಮನೆಯವರು ಇವರೇ ಎಂದು ಹೇಳಲಿ.

ಭಟ್ಟಿಯ ಮುಂದೆ ಇಪ್ಪತ್ತು ವರ್ಷ ಬೆಂದವನು, ತಮ್ಮ ಜೊತೆ ಮುಷ್ಕರದಲ್ಲಿ ಕೂತವನು, ನನ್ನ ಜೊತೆಗಾರ ಇಲ್ಲೇ ಮೂರನೆಯ ಸಾಲಿನಲ್ಲಿ ಕೂತಿದ್ದಾನೆ. ಈ ಮಾತಾಡಲು ಅವನ ಒಪ್ಪಿಗೆ ಪಡೆದೇ ಬಂದಿದ್ದೇನೆ. ಇನ್ನು ಮೇಲೆ ಯಾರಾದರೂ ಕೇಳಿದರೆ ಚಿಕ್ಕಪ್ಪನ ಮಗ ಎನ್ನುವುದಿಲ್ಲ.