ತಪ್ಪು ಕೋಚ್‌ದು, ಶಿಕ್ಷೆ ಹುಡುಗರಿಗೆ: ಅಮೆರಿಕದ ಕಾಲೇಜು ಫುಟ್ಬಾಲ್ ಅಭಿಮಾನಿಗಳ ಭಯ

ಇವತ್ತಿನ ವಿಷಯ ಕಾಲೇಜು ಫುಟ್ಬಾಲ್. ನಾವು ಆಡೋ ಫುಟ್ಬಾಲ್ ಅಲ್ಲ, ಹೆಲ್ಮೆಟ್ ಹಾಕ್ಕೊಂಡು, ಮೊಟ್ಟೆ ಆಕಾರದ ಚೆಂಡು ಹಿಡ್ಕೊಂಡು ಓಡೋ ಅಮೆರಿಕದ ಆಟ. ನಿಮ್ಮ ಕಸಿನ್ ಯಾರಾದ್ರೂ ಅಲ್ಲಿ ಎಂಎಸ್ ಮಾಡ್ತಿದ್ರೆ, ಕಾಲೇಜಿನ ಬಣ್ಣದ ಟೀ ಶರ್ಟ್ ಹಾಕ್ಕೊಂಡು ಸ್ಟೇಡಿಯಂನಲ್ಲಿ ನಿಂತಿರೋ ಫೋಟೊ ಸ್ಟೇಟಸ್‌ನಲ್ಲಿ ನೋಡಿರ್ತೀರಿ. ಮಿಶಿಗನ್ ಯೂನಿವರ್ಸಿಟಿಯ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಜನ ಕೂರಬಹುದು. ಕಾಲೇಜು ಮ್ಯಾಚ್‌ಗೆ ಅಷ್ಟು ಜನ!

ಈ ಅಭಿಮಾನಿಗಳಿಗೆ ಎರಡು ಭಯ. ಒಂದು, ಮ್ಯಾಚ್ ಸೋಲೋದು. ಇನ್ನೊಂದು, ಎನ್‌ಸಿಎಎಯಿಂದ ನೋಟಿಸ್ ಬರೋದು. ನಮ್ಮಲ್ಲಿ ಕ್ರಿಕೆಟ್‌ಗೆ ಬಿಸಿಸಿಐ ಇದ್ದ ಹಾಗೆ, ಅಲ್ಲಿ ಕಾಲೇಜು ಕ್ರೀಡೆಗೆ ಎನ್‌ಸಿಎಎ. ಎರಡನೇ ಭಯವೇ ದೊಡ್ಡದು ಅಂತ ನಾನು ಹೇಳ್ತೀನಿ. ಯಾಕೆ ಅಂತ ನೋಡೋಣ.

1987ಕ್ಕೆ ಹೋಗೋಣ. ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿ, ಎಲ್ಲರೂ ಕರೆಯೋದು ಎಸ್‌ಎಂಯು. ಆಗ ಆಟಗಾರರಿಗೆ ದುಡ್ಡು ಕೊಡೋ ಹಾಗಿರಲಿಲ್ಲ. ಇಲ್ಲಿ ಶ್ರೀಮಂತ ಬೆಂಬಲಿಗರು ಗುಟ್ಟಾಗಿ ಕೊಡ್ತಿದ್ರು. ಒಂದ್ಸಲ ಸಿಕ್ಕಿಬಿದ್ದ ಮೇಲೂ ಕೊಡೋದು ನಿಲ್ಲಲಿಲ್ಲ. ಎನ್‌ಸಿಎಎ ಇಡೀ 1987ರ ಸೀಸನ್ ರದ್ದು ಮಾಡಿತು. 1988ರಲ್ಲಿ ತವರಿನ ಮ್ಯಾಚ್ ಇಲ್ಲ ಅಂದಿದ್ದಕ್ಕೆ, ಆ ವರ್ಷ ಕಾಲೇಜೇ ಆಟ ಬಿಟ್ಟಿತು. ಈ ಶಿಕ್ಷೆಗೆ ಅಲ್ಲಿ 'ಡೆತ್ ಪೆನಾಲ್ಟಿ' ಅಂತಾರೆ. 1989ರಲ್ಲಿ ತಂಡ ವಾಪಸ್ ಬಂತು, ಆದ್ರೆ ಸೀಸನ್ ಕೊನೆಯಲ್ಲಿ ಹಬ್ಬದ ಥರ ನಡೆಯೋ ಬೌಲ್ ಪಂದ್ಯಗಳಿಗೆ 2009ರವರೆಗೆ ಕಾಲಿಡೋಕೆ ಆಗಲಿಲ್ಲ. 1989ರಲ್ಲಿ ಆ ಕಾಲೇಜು ಸೇರಿದ ಹುಡುಗ ಮಾಡಿದ ತಪ್ಪಾದ್ರೂ ಏನು?

ಇನ್ನೊಂದು ಕೇಸ್, ಓಹಾಯೊ ಸ್ಟೇಟ್. ಕೆಲವು ಆಟಗಾರರು ತಮ್ಮ ಪದಕ, ಜರ್ಸಿಗಳನ್ನ ಕೊಟ್ಟು ಟ್ಯಾಟೂ, ಕ್ಯಾಶ್ ತಗೊಂಡಿದ್ರು. ವಿಷಯ ಗೊತ್ತಿದ್ದೂ ಕೋಚ್ ಮುಚ್ಚಿಟ್ರು. 2011ರಲ್ಲಿ ರಾಜೀನಾಮೆ ಕೊಟ್ರು. ಶಿಕ್ಷೆಯಾಗಿ ಸಿಕ್ಕಿದ್ದು 2012ರ ಬೌಲ್ ನಿಷೇಧ. 2012ರಲ್ಲಿ ಹೊಸ ಕೋಚ್ ಕೈಕೆಳಗೆ ತಂಡ ಆಡಿದ 12ಕ್ಕೆ 12 ಮ್ಯಾಚ್ ಗೆದ್ದಿತು! ಚಾಂಪಿಯನ್‌ಶಿಪ್ ಆಡೋ ಅವಕಾಶವೇ ಇಲ್ಲ. ಮನೇಲಿ ಕೂತು ಟಿವಿ ನೋಡಬೇಕಾಯ್ತು.

ನಮಗೆ ಇದು ಹೊಸದೇನಲ್ಲ. 2015ರಲ್ಲಿ ಬೆಟ್ಟಿಂಗ್ ಕೇಸ್‌ನಲ್ಲಿ ಸಿಎಸ್‌ಕೆ, ರಾಜಸ್ಥಾನ್ ರಾಯಲ್ಸ್ ಎರಡು ವರ್ಷ ಸಸ್ಪೆಂಡ್ ಆದ್ವು. ಆಗ ಧೋನಿ ಪುಣೆಗೆ ಹೋದ್ರು, ರೈನಾ ಗುಜರಾತ್‌ಗೆ ಹೋದ್ರು. ಆಟ ನಿಲ್ಲಲಿಲ್ಲ. ಕಾಲೇಜು ಹುಡುಗನಿಗೆ ಇರೋದೇ ನಾಲ್ಕು ಸೀಸನ್. ಆ ಕಾಲದಲ್ಲಿ ಬೇರೆ ಕಾಲೇಜಿಗೆ ಹೋದ್ರೆ ಸಾಮಾನ್ಯವಾಗಿ ಒಂದು ವರ್ಷ ಬೆಂಚ್ ಕಾಯಬೇಕಿತ್ತು. ಈಗ ಆ ನಿಯಮ ಸಡಿಲ ಆಗಿದೆ. ಅದಕ್ಕೇ ಅಭಿಮಾನಿಗೆ ಹೊಸ ಚಿಂತೆ: ನಿಷೇಧ ಬಂದ್ರೆ ಒಳ್ಳೆ ಆಟಗಾರರೆಲ್ಲ ಒಂದೇ ಬೇಸಿಗೆಯಲ್ಲಿ ಜಾಗ ಖಾಲಿ ಮಾಡಿದ್ರೆ?

ಶಿಕ್ಷೆಗಿಂತ ಕೆಟ್ಟದ್ದು ಕಾಯೋದು. ಬಿಕಾಂ ಓದಿದವರಿಗೆ ಕಾಂಟಿಂಜೆಂಟ್ ಲಯಬಿಲಿಟಿ ನೆನಪಿರುತ್ತೆ. ಸಾಲ ಬರಬಹುದು, ಬರದೇನೂ ಇರಬಹುದು, ಎಷ್ಟು ಅಂತ ಗೊತ್ತಿಲ್ಲ, ಆದ್ರೂ ಲೆಕ್ಕದ ಕೆಳಗೆ ಒಂದು ಸಾಲು ಬರೆದಿಡಬೇಕು. ಮಿಶಿಗನ್ ಅಭಿಮಾನಿಗಳು ಅದನ್ನ ತಲೆಯಲ್ಲಿ ಇಟ್ಕೊಂಡೇ ಬದುಕಿದ್ರು. ಮುಂದಿನ ಎದುರಾಳಿಗಳ ಮ್ಯಾಚ್‌ಗೆ ಜನ ಕಳಿಸಿ, ಕೋಚ್‌ಗಳ ಕೈಸನ್ನೆ ಫೋನ್‌ನಲ್ಲಿ ರೆಕಾರ್ಡ್ ಮಾಡಿಸಿದ ವಿಷಯ ಹೊರಬಿದ್ದಿದ್ದು 2023ರ ಅಕ್ಟೋಬರ್‌ನಲ್ಲಿ. 2024ರ ಜನವರಿಯಲ್ಲಿ ತಂಡ ರಾಷ್ಟ್ರೀಯ ಚಾಂಪಿಯನ್ ಆಯ್ತು. ತೀರ್ಪು ಬಂದಿದ್ದು 2025ರ ಆಗಸ್ಟ್‌ನಲ್ಲಿ. ಕಪ್ ಕಿತ್ಕೊಳ್ತಾರಾ, ಬಿಡ್ತಾರಾ? ಅಲ್ಲಿವರೆಗೂ ಅದೇ ಪ್ರಶ್ನೆ.

ಕಿತ್ಕೊಳ್ಳಲಿಲ್ಲ. ಬೌಲ್ ನಿಷೇಧವೂ ಇಲ್ಲ. ಈಗಿನ ಆಟಗಾರರಿಗೆ ಅದು ಅನ್ಯಾಯ ಅಂತ ಎನ್‌ಸಿಎಎ ಸಮಿತಿಯೇ ಹೇಳಿತು. ಬದಲಿಗೆ ದಂಡ: ಫುಟ್ಬಾಲ್ ಬಜೆಟ್‌ನ ಶೇ 10, ಜೊತೆಗೆ ಎರಡು ಸೀಸನ್‌ನ ಪೋಸ್ಟ್‌ಸೀಸನ್ ಆದಾಯದಷ್ಟು ಮೊತ್ತ. ಒಟ್ಟು 2 ಕೋಟಿ ಡಾಲರ್ ದಾಟಬಹುದು ಅನ್ನೋ ಅಂದಾಜು. ಅದಕ್ಕೂ ಮೊದಲು, 2023ರಲ್ಲಿ ಟೆನೆಸ್ಸಿಗೂ ನಿಷೇಧ ಇಲ್ಲದೆ 80 ಲಕ್ಷ ಡಾಲರ್‌ಗಿಂತ ಹೆಚ್ಚು ದಂಡ ಬಿದ್ದಿತ್ತು.

ಹುಡುಗರು ಬಚಾವ್ ಆದ್ರು, ಒಳ್ಳೇದಾಯ್ತು. ಆದ್ರೆ ಈಗ ಓಹಾಯೊ ಸ್ಟೇಟ್ ಅಭಿಮಾನಿಯ ಜಾಗದಲ್ಲಿ ನಿಂತು ನೋಡಿ. 2012ರಲ್ಲಿ ನಮ್ಮ ಅಜೇಯ ತಂಡವನ್ನ ಮನೇಲಿ ಕೂರಿಸಿದ್ರಿ, ಇವರಿಗೆ ಮಾತ್ರ ಬಿಲ್ ಕೊಟ್ಟು ಕಳಿಸ್ತೀರಾ? ದುಡ್ಡಿರೋ ಕಾಲೇಜಿಗೆ ದಂಡ ಅಂದ್ರೆ ಟ್ರಾಫಿಕ್ ಫೈನ್ ಇದ್ದ ಹಾಗೆ. ಕಟ್ತಾರೆ, ಮತ್ತೆ ಸಿಗ್ನಲ್ ಜಂಪ್ ಮಾಡ್ತಾರೆ. ಅವರ ಸಿಟ್ಟಲ್ಲೂ ನ್ಯಾಯ ಇದೆ.

ಹಾಗಾದ್ರೆ ಯಾರನ್ನ ಹಿಡೀಬೇಕು? ಜವಾಬ್ದಾರಿ ಹೊತ್ತವರನ್ನ. ಎನ್‌ಸಿಎಎ ಹತ್ರ 'ಶೋ-ಕಾಸ್' ಅನ್ನೋ ಅಸ್ತ್ರ ಇದೆ. ಅಂಥ ಕೋಚ್‌ನ ಕೆಲಸಕ್ಕೆ ತಗೊಳ್ಳೋ ಕಾಲೇಜು ಎನ್‌ಸಿಎಎಗೆ ಕಾರಣ ಹೇಳಬೇಕು. ಮಿಶಿಗನ್‌ನ ಹಳೇ ಕೋಚ್ ಜಿಮ್ ಹಾರ್ಬಾಗ್‌ಗೆ ಈ ಕೇಸ್‌ನಲ್ಲಿ 10 ವರ್ಷ ಹಾಕಿದ್ದಾರೆ. ಅಷ್ಟರಲ್ಲಿ ಅವರು ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಹೋಗಿ ಲಾಸ್ ಏಂಜಲೀಸ್ ಚಾರ್ಜರ್ಸ್ ಕೋಚ್ ಆಗಿದ್ರು. ಅಲ್ಲಿ ಎನ್‌ಸಿಎಎ ಮಾತು ನಡೆಯಲ್ಲ. ಯುಎಸ್‌ಸಿ ಕಥೆನೂ ಹೀಗೇ: 2010ರ ಜನವರಿಯಲ್ಲಿ ಕೋಚ್ ಪೀಟ್ ಕ್ಯಾರೊಲ್ ಎನ್‌ಎಫ್‌ಎಲ್‌ನ ಸಿಯಾಟಲ್‌ಗೆ ಹೋದ್ರು, ಜೂನ್‌ನಲ್ಲಿ ಕಾಲೇಜಿಗೆ ಎರಡು ವರ್ಷದ ಬೌಲ್ ನಿಷೇಧ, 30 ಸ್ಕಾಲರ್‌ಶಿಪ್ ಕಡಿತ ಬಂತು.

ಅದಕ್ಕೆ ನನ್ನ ಲೆಕ್ಕ ಇಷ್ಟೇ. ತನಿಖೆ ಬೇಗ ಮುಗೀಬೇಕು, ಸಂಬಂಧಪಟ್ಟವರು ಕುರ್ಚಿಯಲ್ಲಿ ಇರುವಾಗಲೇ ತೀರ್ಪು ಬರಬೇಕು. ಕೋಚ್‌ಗಳ ಕಾಂಟ್ರಾಕ್ಟ್‌ನಲ್ಲೇ ಒಂದು ಷರತ್ತು ಇರಲಿ: ತಪ್ಪು ಸಾಬೀತಾದ್ರೆ, ನೀವು ಎಲ್ಲೇ ಇದ್ರೂ ತಗೊಂಡ ಬೋನಸ್ ವಾಪಸ್ ಕೊಡಬೇಕು. ಅದು ಆಗೋ ತನಕ ಬಿಲ್ ಕಟ್ಟೋದು ಆಮೇಲೆ ಬಂದ ಹುಡುಗ್ರು, ಟಿಕೆಟ್ ತಗೊಂಡು ಕೂತ ಜನ.

ನಿಮಗೇನನ್ಸುತ್ತೆ? ತಪ್ಪು ಮಾಡಿದ ತಂಡದ ಕಪ್ ಕಿತ್ಕೋಬೇಕಾ, ಬೇಡ್ವಾ? ಒಂದು ನಿಮಿಷದೊಳಗಿನ ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡ್‌ನಲ್ಲಿ ಹಾಕೋಣ.