ಲಾವಕ್ಕಿಯ ಮನೆ, ಬೇಣದ ಪಾಠ

(ಭಾಷಣದ ಬರಹರೂಪ)



ಪೇಟೆಯಿಂದ ತಂದ ಲಾವಕ್ಕಿಯನ್ನು ಎರಡಡಿ ಎತ್ತರದ ತಂತಿಪಂಜರದಲ್ಲಿ ಇರಿಸಿದರೆ, ಕೆಲವೇ ದಿನಗಳಲ್ಲಿ ಅದರ ನೆತ್ತಿಯ ಗರಿ ಉದುರಿ ಚರ್ಮ ಕೆಂಪಾಗುವುದುಂಟು. ಮನೆಯವರು ಅದನ್ನು ರೋಗವೆಂದು ಭಾವಿಸಿ ಔಷಧ ಹುಡುಕುತ್ತಾರೆ. ಬೆದರಿದಾಗ ನೆಟ್ಟಗೆ ಮೇಲಕ್ಕೆ ಚಿಮ್ಮುವುದು ಲಾವಕ್ಕಿಯ ಹುಟ್ಟುಗುಣ. ಹುಲ್ಲುಗಾವಲಿನಲ್ಲಿ ಈ ಗುಣ ಅದರ ಪ್ರಾಣ ಉಳಿಸುತ್ತದೆ. ಪಂಜರದಲ್ಲಿ ಅದೇ ಗುಣ ಅದರ ತಲೆಯನ್ನು ತಂತಿಗೆ ಬಡಿಯುತ್ತದೆ. ದೋಷವಿರುವುದು ಹಕ್ಕಿಯಲ್ಲಲ್ಲ, ಅದಕ್ಕೆ ಕೊಟ್ಟ ಮನೆಯಲ್ಲಿ.

ಲಾವಕ್ಕಿಗೆ ಒಪ್ಪುವ ಮನೆ ಯಾವುದು? ಈ ಪ್ರಶ್ನೆಗೆ ಉತ್ತರ ಹುಡುಕುವವರು ಮೊದಲು ಹೋಗಬೇಕಾದುದು ಅಂಗಡಿಗಲ್ಲ, ಊರಿನ ಬೇಣಕ್ಕೆ.

ಮೊದಲು ಯಾವ ಹಕ್ಕಿ ಎಂಬುದು ಸ್ಪಷ್ಟವಾಗಬೇಕು. ಮನೆಯಲ್ಲಿ ಸಾಕುವುದು ಜಪಾನಿ ಲಾವಕ್ಕಿಯನ್ನು. ಕೆಲವೆಡೆ ಇದನ್ನು ಗೌಜಲಕ್ಕಿ ಎಂದೂ ಕರೆಯುತ್ತಾರೆ. ಜಪಾನಿನಲ್ಲಿ ಶತಮಾನಗಳ ಹಿಂದೆ ಇದನ್ನು ಸಾಕತೊಡಗಿದ್ದು ಗಂಡುಹಕ್ಕಿಯ ಕೂಗಿಗಾಗಿ. ಮೊಟ್ಟೆ, ಮಾಂಸಗಳ ವ್ಯಾಪಾರ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಭಾರತಕ್ಕೆ ಇದು 1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಬಂದಿತು. ಮಲೆನಾಡಿನ ಬೇಣ ಮತ್ತು ಕುರುಚಲು ಕಾಡುಗಳಲ್ಲಿರುವ ಲಾವುಗೆಗಳು ಬೇರೆಯೇ ಜಾತಿಯವು. ಕೆಂಪು ಕೊಕ್ಕು, ಕೆಂಪು ಕಾಲುಗಳ ಬಣ್ಣದ ಪೊದೆಲಾವುಗೆ ಅವುಗಳಲ್ಲೊಂದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡಿನ ಲಾವುಗೆಯನ್ನು ಉರುಲು ಹಾಕಿ ಹಿಡಿಯುವುದೂ, ಅದರ ಮೊಟ್ಟೆ ತರುವುದೂ ಅಪರಾಧ. ಸಾಕಣೆಯಲ್ಲೇ ಹುಟ್ಟಿ ಬೆಳೆದ ಹಕ್ಕಿಗಷ್ಟೇ ಈ ಮಾತುಗಳು ಅನ್ವಯಿಸುತ್ತವೆ.

ಈಗ ಬೇಣದ ಅಂಚಿನಲ್ಲಿ ನಿಂತು ನೋಡಬೇಕು. ಅಲ್ಲಿ ಹುಲ್ಲು ಎಲ್ಲೆಡೆ ಒಂದೇ ಎತ್ತರವಿಲ್ಲ. ಒಂದೆಡೆ ಮೊಣಕಾಲೆತ್ತರದ ಬುಡ್ಡೆ, ಅದರ ಪಕ್ಕದಲ್ಲಿ ಗೇಣಗಲದ ಬರಿನೆಲ, ಮತ್ತೊಂದೆಡೆ ಮುಳ್ಳುಪೊದೆಯ ನೆರಳು, ಬಿಸಿಲಿಗೆ ಒಣಗಿದ ಧೂಳಿನ ಹೊಂಡ. ಲಾವಕ್ಕಿ ಕೊಂಬೆಯ ಮೇಲೆ ಕೂರುವ ಹಕ್ಕಿಯಲ್ಲ. ಅದರ ಬದುಕು ನೆಲದಲ್ಲಿ. ಬುಡ್ಡೆಯೊಳಗೆ ಅಡಗುತ್ತದೆ, ಬರಿನೆಲದಲ್ಲಿ ಕಾಳು, ಹುಳು ಹೆಕ್ಕುತ್ತದೆ, ಧೂಳಿನಲ್ಲಿ ಹೊರಳಿ ಗರಿಯ ಹೇನು, ಜಿಡ್ಡು ಕಳೆದುಕೊಳ್ಳುತ್ತದೆ. ಅಡಗುವ ತಾಣ, ತೆರವು, ಧೂಳು, ಆಹಾರ ಎಂಬ ಈ ನಾಲ್ಕೂ ಒಂದಕ್ಕೊಂದು ಹತ್ತಿರವಿರುವುದೇ ಬೇಣದ ಗುಟ್ಟು. ಆವರಣದ ವಿನ್ಯಾಸವೆಂದರೆ ಈ ನಾಲ್ಕನ್ನು ಅಂಗಳದ ಮೂಲೆಗೆ ತರುವುದು.

ಒಂದು ಗಂಡು, ಮೂರು ನಾಲ್ಕು ಹೆಣ್ಣುಗಳ ಗುಂಪಿಗೆ ಆರಡಿ ಅಗಲ, ಎಂಟಡಿ ಉದ್ದದ ಜಾಗ ಸಾಕು. ಇದಕ್ಕಿಂತ ಕಿರಿದಾದರೆ ಗಿಡಗಳು ಚೇತರಿಸಿಕೊಳ್ಳುವ ಮೊದಲೇ ಹಕ್ಕಿಗಳು ಅವನ್ನು ತುಳಿದು, ಕೆದಕಿ ಮುಗಿಸುತ್ತವೆ. ಎರಡು ಗಂಡುಗಳನ್ನು ಒಟ್ಟಿಗೆ ಬಿಡಬಾರದು. ಕಣ್ಣು ಕುಕ್ಕುವಷ್ಟು ಕಾದಾಡುತ್ತವೆ. ಚಾವಣಿ ಆಳೆತ್ತರವಿರಬೇಕು. ಅದರ ಕೆಳಗೆ ಒಂದಡಿ ಅಂತರದಲ್ಲಿ ಹತ್ತಿನೂಲಿನ ಮೆದುವಾದ ಬಲೆ ಕಟ್ಟಿದರೆ, ಚಿಮ್ಮಿದ ಹಕ್ಕಿಯ ತಲೆ ತಂತಿಗೆ ತಾಗದು. ಬಲೆಯ ಕಣ್ಣು ಕಿರಿದಾಗಿರಬೇಕು, ಕಾಲು ಕೊರಳು ಸಿಕ್ಕಿಕೊಳ್ಳಬಾರದು.

ಮಲೆನಾಡಿನ ಮಳೆಯೇ ಇಲ್ಲಿ ದೊಡ್ಡ ಪರೀಕ್ಷೆ. ಲಾವಕ್ಕಿಗೆ ಚಳಿಗಿಂತ ತೇವ ಹೆಚ್ಚು ಅಪಾಯಕಾರಿ. ಒದ್ದೆನೆಲದಲ್ಲಿ ಹಿಕ್ಕೆ ಕೊಳೆತರೆ ಕರುಳಿನ ರೋಗಗಳು ಹರಡುತ್ತವೆ. ಆದ್ದರಿಂದ ಆವರಣದ ನೆಲ ಅಂಗಳಕ್ಕಿಂತ ಅರ್ಧ ಅಡಿ ಎತ್ತರದಲ್ಲಿರಬೇಕು. ಅಡಿಯಲ್ಲಿ ಜಲ್ಲಿ, ಮೇಲೆ ಮರಳು ಬೆರೆತ ಮಣ್ಣು, ಒಂದು ಬದಿಗೆ ಇಳಿಜಾರು. ಚಾವಣಿಯ ಅರ್ಧಕ್ಕೆ ಹೆಂಚು, ಉಳಿದರ್ಧಕ್ಕೆ ಜಾಲರಿ. ಜಡಿಮಳೆಯ ತಿಂಗಳುಗಳಲ್ಲಿ ಜಾಲರಿಯ ಭಾಗಕ್ಕೂ ಪಾರದರ್ಶಕ ಹೊದಿಕೆ ಬೇಕು. ಗಾಳಿಮಳೆ ಬೀಸುವ ದಿಕ್ಕಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಬಹುದು.

ಗೋಡೆಯ ಜಾಲರಿಯ ಕಣ್ಣು ಅರ್ಧ ಅಂಗುಲ ಮೀರಬಾರದು. ಕೇರೆಹಾವು, ಮುಂಗುಸಿ, ಹೆಗ್ಗಣ, ಪುನುಗುಬೆಕ್ಕು ಎಲ್ಲವೂ ಮಲೆನಾಡಿನ ಅಂಗಳದ ನೆರೆಹೊರೆಯವರೇ. ಅವನ್ನು ಕೊಂದು ಹಕ್ಕಿಯನ್ನು ಉಳಿಸುವುದು ಪರಿಸರಪ್ರೇಮವಲ್ಲ. ಜಾಲರಿಯನ್ನು ಒಂದಡಿ ಆಳಕ್ಕೆ ಹೂತು, ಅಲ್ಲಿಂದ ಹೊರಬದಿಗೆ ಬಾಗಿಸಿದರೆ ತೋಡಿ ಬರುವ ಪ್ರಾಣಿಗೆ ತಡೆಯಾಗುತ್ತದೆ.

ಗಿಡಗಳ ವಿಷಯದಲ್ಲಿ ಆತುರ ಸಲ್ಲದು. ಹಕ್ಕಿ ತರುವ ಎರಡು ತಿಂಗಳ ಮೊದಲೇ ನೆಟ್ಟು ಬೇರೂರಲು ಬಿಡಬೇಕು. ಹಿಂಬದಿಗೆ ಲಾವಂಚ ಮತ್ತು ಮಜ್ಜಿಗೆಹುಲ್ಲಿನ ಬುಡ್ಡೆಗಳು, ನಡುವೆ ದಾಸವಾಳದಂತಹ ಪೊದೆ, ನೆಲಕ್ಕೆ ಗರಿಕೆ, ತೇವವಿರುವ ಅಂಚಿಗೆ ಒಂದೆಲಗ. ಸಾಮೆ, ನವಣೆ, ರಾಗಿಯನ್ನು ಒಂದು ಮೂಲೆಯಲ್ಲಿ ಬಿತ್ತಿದರೆ ತೆನೆ ಹಕ್ಕಿಗೆ, ಹುಲ್ಲು ಮರೆಗೆ. ಬುಡಗಳ ಸುತ್ತ ಚಪ್ಪಟೆ ಕಲ್ಲಿಟ್ಟರೆ ಕೆದಕಾಟದಿಂದ ಬೇರು ಉಳಿಯುತ್ತದೆ. ನೆಲದ ಅರ್ಧಭಾಗ ಗಿಡಗಳಿಗಿದ್ದು, ಉಳಿದರ್ಧ ತೆರವಾಗಿರಲಿ. ಕಣಗಿಲೆ, ಉಮ್ಮತ್ತಿ, ಹರಳು, ಗುಲಗಂಜಿ, ಲಂಟಾನಗಳು ವಿಷಯುಕ್ತ, ಅವು ಬೇಡ. ಹಾಗೆಯೇ ಆವರಣದ ಅಂದಕ್ಕೆಂದು ಕಾಡಿನಿಂದ ಗಿಡ ಕಿತ್ತು ತರುವುದೂ ಬೇಡ. ಒಂದು ಮೂಲೆಯ ಹಸಿರಿಗೆ ಇನ್ನೊಂದು ಮೂಲೆಯನ್ನು ಬೋಳಿಸಿದರೆ ಲೆಕ್ಕ ಸರಿಹೋಗದು.

ಹೆಂಚಿನ ಕೆಳಗಿನ ಒಣಜಾಗದಲ್ಲಿ ಅಗಲವಾದ ಬಾನಿಯಲ್ಲಿ ನುಣುಪು ಮರಳಿಗೆ ಸ್ವಲ್ಪ ಒಲೆಬೂದಿ ಬೆರೆಸಿಟ್ಟರೆ ಅದೇ ಧೂಳುಸ್ನಾನದ ತಾಣ. ನೀರಿನ ತಟ್ಟೆ ಆಳವಿರಬಾರದು. ಮರಿಗಳಿದ್ದರೆ ಅದರಲ್ಲಿ ಹರಳುಕಲ್ಲು ತುಂಬಬೇಕು, ಇಲ್ಲದಿದ್ದರೆ ಮುಳುಗಿ ಸಾಯುತ್ತವೆ. ಬರೀ ಕಾಳು ಸಾಲದು. ಮೊಟ್ಟೆಯಿಡುವ ಲಾವಕ್ಕಿಯ ಆಹಾರದಲ್ಲಿ ಶೇಕಡಾ 20ರಷ್ಟು ಪ್ರೋಟೀನ್ ಇರಬೇಕು. ಸಿದ್ಧ ಆಹಾರದ ಜೊತೆಗೆ ಗೆದ್ದಲು, ಹುಳು, ಸೊಪ್ಪು, ಕಪ್ಪೆಚಿಪ್ಪಿನ ಪುಡಿ ಕೊಡಬಹುದು. ಹಗಲು ಕಿರಿದಾಗುವ ಚಳಿಗಾಲದಲ್ಲಿ ಮೊಟ್ಟೆ ಕಡಿಮೆಯಾಗುವುದು ಸಹಜ. ಆಗ ವಿದ್ಯುದ್ದೀಪ ತೂಗಿ ದುಡಿಸದೆ ಹಕ್ಕಿಗೆ ವಿರಾಮ ಕೊಡುವುದೇ ಲೇಸು. ಕೋಳಿಗಳೊಂದಿಗೆ ಇದನ್ನು ಬೆರೆಸಬಾರದು, ರೋಗ ದಾಟುತ್ತದೆ. ಒಮ್ಮೆಲೇ ಹಲವು ಹಕ್ಕಿಗಳು ಸತ್ತರೆ ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯರಿಗೆ ತಿಳಿಸಬೇಕು.

ಇನ್ನೊಂದು ಎಚ್ಚರ. ಮರಿಗಳು ಹೆಚ್ಚಾದವೆಂದೋ, ಪುಣ್ಯ ಬರುತ್ತದೆಂದೋ ಜಪಾನಿ ಲಾವಕ್ಕಿಯನ್ನು ಬೆಟ್ಟಕ್ಕೆ ಬಿಡುವುದು ಕರುಣೆಯಲ್ಲ. ಪೀಳಿಗೆಗಳಿಂದ ಸಾಕಣೆಯಲ್ಲಿದ್ದ ಈ ಹಕ್ಕಿಗಳಲ್ಲಿ ಹೆಚ್ಚಿನವು ಕಾವು ಕೂರುವುದನ್ನೇ ಮರೆತಿವೆ. ಬಿಟ್ಟವುಗಳಲ್ಲಿ ಬಹುಪಾಲು ಬೇಗ ಬಲಿಯಾಗುತ್ತವೆ. ಉಳಿದರೆ ಕೇಡು ಬೇರೊಂದು ಬಗೆಯದು. ಯುರೋಪಿನಲ್ಲಿ ಬೇಟೆಗೆಂದು ಬಿಟ್ಟ ಸಾಕುಹಕ್ಕಿಗಳು ಅಲ್ಲಿನ ಕಾಡುಲಾವುಗೆಯೊಂದಿಗೆ ಬೆರೆತು ಮಿಶ್ರತಳಿಗಳಾಗಿವೆ. ಮೊಟ್ಟೆಗಳನ್ನು ಆಗಾಗ ತೆಗೆದರೆ ಸಂಖ್ಯೆ ಹಿಡಿತದಲ್ಲಿರುತ್ತದೆ.

ಹೀಗೆ ಆವರಣ ಕಟ್ಟಿದ ವಿದ್ಯಾರ್ಥಿಗೆ ಒಂದು ಮಾತು ಹೊಳೆಯದೆ ಇರದು. ನಾಲ್ಕೈದು ಹಕ್ಕಿಗಳಿಗೆ ಬುಡ್ಡೆ, ಮರೆ, ಧೂಳು, ಕಾಳು ಒದಗಿಸಲು ಇಷ್ಟು ಶ್ರಮ, ಇಷ್ಟು ಖರ್ಚು. ಬೇಣವಾದರೋ ಇದನ್ನೆಲ್ಲ ಕೂಲಿಯಿಲ್ಲದೆ ಮಾಡುತ್ತಿದೆ. ಹುಲ್ಲನ್ನು ಒಮ್ಮೆಲೇ ಬುಡಮಟ್ಟ ಸವರಿದಾಗ, ಬೇಸಗೆಯಲ್ಲಿ ಇಡೀ ಇಳಿಜಾರಿಗೆ ಬೆಂಕಿ ಬಿದ್ದಾಗ, ಕಾಡುಲಾವುಗೆಯ ಪಾಲಿಗೆ ಬೇಣವೇ ಬರಿಯ ಪಂಜರವಾಗುತ್ತದೆ. ಅಲ್ಲಿ ಅಡಗಲು ಬುಡ್ಡೆಯಿಲ್ಲ.

ಬೆಟ್ಟದ ಲಾವುಗೆ ಕಣ್ಮರೆಯಾಗದು ಎಂಬ ಭರವಸೆ ಯಾರಿಗೂ ಇರಬೇಕಾಗಿಲ್ಲ. ಮಸ್ಸೂರಿ ಮತ್ತು ನೈನಿತಾಲ್ ಬಳಿಯ ಹುಲ್ಲಿನ ಇಳಿಜಾರುಗಳಲ್ಲಿದ್ದ ಹಿಮಾಲಯದ ಲಾವುಗೆಯನ್ನು ಖಚಿತವಾಗಿ ಕಂಡ ಕೊನೆಯ ದಾಖಲೆ 1876ರದು. ಆ ಬಳಿಕ ಹುಡುಕಿದವರಿಗೆಲ್ಲ ಸಿಕ್ಕಿದ್ದು ಹುಲ್ಲು ಮಾತ್ರ.

ಮಲೆನಾಡಿನ ಊರುಗಳಿಗೆ ಇನ್ನೂ ಕಾಲ ಮೀರಿಲ್ಲ. ಬೇಣದ ಹುಲ್ಲನ್ನು ಒಂದೇ ಸಲ ಕೊಯ್ಯದೆ, ವರ್ಷಕ್ಕೊಂದು ಕಡೆ ನಾಲ್ಕಾರು ಮಾರು ಅಗಲದ ಪಟ್ಟಿಯನ್ನು ಹಾಗೆಯೇ ಬಿಡಬಹುದು. ಬೆಂಕಿಯನ್ನು ತಡೆಯಬಹುದು. ಉರುಲು ಕಂಡರೆ ಕಿತ್ತೊಗೆಯಬಹುದು. ಅಂಗಳದ ಆವರಣದಲ್ಲಿ ಲಾವಕ್ಕಿ ಯಾವ ಬುಡ್ಡೆಯಡಿ ಅಡಗುತ್ತದೆಂದು ಗಮನಿಸಿದ ಮಗುವಿಗೆ, ಬೇಣದಲ್ಲಿ ಯಾವ ಬುಡ್ಡೆಯನ್ನು ಉಳಿಸಬೇಕೆಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ.